ವಕೀಲರು ಕೆಲಸ ಬದಲಿಸಿದರೆ ಎಐಬಿಇ ಪರೀಕ್ಷೆ ಮತ್ತೆ ಬರೆಯಬೇಕೇ?

ಹರಿದಾಡುತ್ತಿರುವ ಮಾತು: ವಕೀಲರು ಕೆಲಸ ಬದಲಿಸಿದರೆ ಅವರ ಸನ್ನದು ರದ್ದಾಗುತ್ತದೆ, ಅಖಿಲ ಭಾರತ ವಕೀಲರ ಪರೀಕ್ಷೆಯನ್ನು (ಎಐಬಿಇ) ಮತ್ತೆ ಪಾಸು ಮಾಡಬೇಕು.

ಸಂಕ್ಷಿಪ್ತ ಉತ್ತರ: ಇದು ಅರ್ಧ ಸತ್ಯ. ಕೆಲಸ ಬದಲಾದ ಮಾತ್ರಕ್ಕೆ ಮರುಪರೀಕ್ಷೆ ಇಲ್ಲ. ಕಾನೂನಿಗೆ ಸಂಬಂಧವೇ ಇಲ್ಲದ ಕೆಲಸದಲ್ಲಿ ಹಲವು ವರ್ಷ ಕಳೆದು ವಕೀಲಿಕೆಗೆ ಮರಳುವವರಿಗೆ ಮಾತ್ರ ಆ ಪ್ರಶ್ನೆ ಏಳುತ್ತದೆ.

ಏನಿದು ಎಐಬಿಇ?

2009-10ರ ಶೈಕ್ಷಣಿಕ ವರ್ಷದಿಂದ ಈಚೆಗೆ ಕಾನೂನು ಪದವಿ ಪಡೆದವರಿಗೆ ಈ ಪರೀಕ್ಷೆ ಕಡ್ಡಾಯ. ಭಾರತೀಯ ವಕೀಲರ ಪರಿಷತ್ತು ಮೊದಲ ಪರೀಕ್ಷೆ ನಡೆಸಿದ್ದು 2011ರ ಮಾರ್ಚ್‌ನಲ್ಲಿ. 100 ಬಹು ಆಯ್ಕೆ ಪ್ರಶ್ನೆಗಳಿರುತ್ತವೆ, ಕನ್ನಡದಲ್ಲೂ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದಕ್ಕಿಂತ ಮೊದಲು ಪದವಿ ಪಡೆದ ಹಿರಿಯ ವಕೀಲರಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಯಾವ ಬದಲಾವಣೆಗೆ ಏನು ನಿಯಮ?

1. ಒಂದು ಕಚೇರಿಯಿಂದ ಇನ್ನೊಂದಕ್ಕೆ: ಹಲಸೂರಿನ ಹಿರಿಯ ವಕೀಲರ ಬಳಿ ಕೆಲಸ ಮಾಡುತ್ತಿದ್ದವರು ಇಂದಿರಾನಗರದ ಇನ್ನೊಬ್ಬರ ಕಚೇರಿ ಸೇರಿದರೆ, ಇಲ್ಲವೇ ಶಿವಾಜಿನಗರದಲ್ಲಿ ಸ್ವಂತ ಕಚೇರಿ ತೆರೆದರೆ ಯಾವ ಪರೀಕ್ಷೆಯೂ ಇಲ್ಲ. ಸನ್ನದು ವಕೀಲರ ಹೆಸರಿನಲ್ಲಿರುತ್ತದೆ, ಕಚೇರಿಯ ಹೆಸರಿನಲ್ಲಲ್ಲ. ಮೇಯೋ ಹಾಲ್‌ ನ್ಯಾಯಾಲಯದಲ್ಲಿ ಮೊದಲಿನಂತೆಯೇ ವಾದಿಸಬಹುದು.

2. ಬೇರೆ ರಾಜ್ಯಕ್ಕೆ: ವಕೀಲರ ಕಾಯಿದೆ, 1961ರ 30ನೇ ಕಲಂ 2011ರ ಜೂನ್ 15ರಿಂದ ಜಾರಿಯಲ್ಲಿದೆ. ಅದರಂತೆ ದೇಶದ ಯಾವ ನ್ಯಾಯಾಲಯದಲ್ಲಾದರೂ ವಕೀಲಿಕೆ ಮಾಡುವ ಹಕ್ಕಿದೆ. ನೋಂದಣಿಯನ್ನೇ ಬೇರೆ ರಾಜ್ಯಕ್ಕೆ ವರ್ಗಾಯಿಸಿಕೊಳ್ಳಲು 18ನೇ ಕಲಂ ಇದೆ. ಅದಕ್ಕೂ ಪರೀಕ್ಷೆ ಬೇಕಿಲ್ಲ.

3. ಕಂಪನಿಯ ಸಂಬಳದ ಕೆಲಸಕ್ಕೆ: ಜನ ಎಡವುವುದು ಹೆಚ್ಚಾಗಿ ಇಲ್ಲೇ. ಕೆ.ಆರ್. ಪುರದ ಆಚೆಯ ಐಟಿ ಕಂಪನಿಯೊಂದರಲ್ಲಿ ಪೂರ್ಣಾವಧಿ ಕಾನೂನು ಅಧಿಕಾರಿಯಾಗಿ ಸೇರಿದಿರಿ ಎನ್ನಿ. ಪರಿಷತ್ತಿನ 49ನೇ ನಿಯಮದ ಪ್ರಕಾರ ಅದನ್ನು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಬೇಕು, ಆ ಕೆಲಸದಲ್ಲಿರುವಷ್ಟು ದಿನ ವಕೀಲಿಕೆ ನಿಲ್ಲಿಸಬೇಕು. ಸನ್ನದು ಸತ್ತುಹೋಗುವುದಿಲ್ಲ, ಅಮಾನತಿನಲ್ಲಿರುತ್ತದೆ. ಸರ್ಕಾರಿ ಅಭಿಯೋಜಕರ ಮಾತು ಬೇರೆ. ನ್ಯಾಯಾಲಯದಲ್ಲಿ ವಾದಿಸುವುದೇ ಅವರ ಕೆಲಸವಾದ್ದರಿಂದ ಅವರು ವಕೀಲರಾಗಿಯೇ ಉಳಿಯುತ್ತಾರೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಹಾಗಾದರೆ ಮರುಪರೀಕ್ಷೆಯ ಮಾತು ಬಂದದ್ದು ಎಲ್ಲಿಂದ?

2023ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎಐಬಿಇಯನ್ನು ಎತ್ತಿಹಿಡಿಯಿತು. ವಕೀಲಿಕೆ ಬಿಟ್ಟು ಕಾನೂನು ಅಥವಾ ನ್ಯಾಯಾಂಗಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಹೋದವರು ಗಣನೀಯ ಕಾಲದ, ಅಂದರೆ ಐದು ವರ್ಷದಷ್ಟು ಅಂತರದ ಬಳಿಕ ಮರಳುವಾಗ ಮತ್ತೆ ಪರೀಕ್ಷೆ ಬರೆಯುವ ವಿಚಾರವನ್ನು ಅದೇ ತೀರ್ಪಿನಲ್ಲಿ ಪ್ರಸ್ತಾಪಿಸಿತು. ‘ಸಂಬಂಧವಿಲ್ಲದ ಕೆಲಸ’ ಮತ್ತು ‘ಐದು ವರ್ಷ’ ಎಂಬ ಎರಡು ಷರತ್ತುಗಳು ಬಿದ್ದುಹೋಗಿ, ‘ಕೆಲಸ ಬದಲಿಸಿದರೆ ಪರೀಕ್ಷೆ’ ಎಂಬ ತುಣುಕು ಮಾತ್ರ ಫಾರ್ವರ್ಡ್‌ಗಳಲ್ಲಿ ಉಳಿದಿದೆ.

ಇನ್ನೊಂದು ಗೊಂದಲವೂ ಇದೆ. 2015ರ ನಿಯಮಗಳು ವಕೀಲಿಕೆ ಪ್ರಮಾಣಪತ್ರವನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಎನ್ನುತ್ತವೆ. ಅದು ದಾಖಲೆಗಳ ಪರಿಶೀಲನೆ, ಪರೀಕ್ಷೆಯಲ್ಲ.

ಬೇರೆ ಕೆಲಸದಲ್ಲಿದ್ದುಕೊಂಡೇ ಮೊದಲ ಸಲ ವಕೀಲರಾಗ ಬಯಸುವವರಿಗೂ ದಾರಿಯಿದೆ. ತಾತ್ಕಾಲಿಕ ನೋಂದಣಿಯೊಂದಿಗೆ ಎಐಬಿಇ ಬರೆಯಲು, ಪಾಸಾದ ಮೇಲೆ ಕೆಲಸವೋ ವಕೀಲಿಕೆಯೋ ಎಂದು ತೀರ್ಮಾನಿಸಲು ಆರು ತಿಂಗಳು ತೆಗೆದುಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು.

ಈ ಅರ್ಧ ಸತ್ಯದಿಂದ ಏನು ಅಪಾಯ?

ಪರೀಕ್ಷೆಯ ಹೆದರಿಕೆಯಿಂದ ಕೆಲವರು ಸಂಬಳದ ಕೆಲಸವನ್ನು ಪರಿಷತ್ತಿನಿಂದ ಮುಚ್ಚಿಡುವ ಯೋಚನೆ ಮಾಡಬಹುದು. ಮರುಪರೀಕ್ಷೆಗಿಂತ ದೊಡ್ಡ ತೊಂದರೆ ಅದೇ. ಸಂಬಳ ಪಡೆಯುತ್ತಲೇ ವಕಾಲತ್ತು ಹಾಕಿದರೆ ವೃತ್ತಿ ದುರ್ನಡತೆಯ ದೂರು ಬರಬಹುದು. 35ನೇ ಕಲಂ ಅಡಿ ಶಿಸ್ತು ಸಮಿತಿ ವಾಗ್ದಂಡನೆ ವಿಧಿಸಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಇನ್ನೊಂದೆಡೆ, ಮನೆ, ಮಕ್ಕಳು ಎಂದು ಕೆಲ ಕಾಲ ಬಿಡುವು ಪಡೆದ ವಕೀಲೆಯರು ‘ಇನ್ನು ದಾರಿ ಮುಚ್ಚಿತು’ ಎಂದು ಸುಮ್ಮನೆ ಕೈಚೆಲ್ಲುವ ಸಾಧ್ಯತೆಯೂ ಇದೆ.

ನೀವು ಮಾಡಬೇಕಾದದ್ದು

• ಪೂರ್ಣಾವಧಿ ಸಂಬಳದ ಕೆಲಸ ಸೇರಿದರೆ ಪರಿಷತ್ತಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.
• ಕೆಲಸ ಬಿಟ್ಟಾಗ ರಾಜೀನಾಮೆ ಅಂಗೀಕಾರ ಪತ್ರದೊಂದಿಗೆ ಸನ್ನದು ಮರಳಿ ಚಾಲ್ತಿಗೆ ತರಲು ಅರ್ಜಿ ಕೊಡಿ. ಅದಾಗುವವರೆಗೆ ವಕಾಲತ್ತು ಹಾಕಬೇಡಿ.
• ಎಐಬಿಇ ಪಾಸಾದ ಪ್ರಮಾಣಪತ್ರವನ್ನು ಜೋಪಾನವಾಗಿಡಿ.
• ಬಿಡುವು ಐದು ವರ್ಷ ದಾಟಿದ್ದರೆ, ಆಗ ಚಾಲ್ತಿಯಲ್ಲಿರುವ ನಿಯಮವನ್ನು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲೇ ವಿಚಾರಿಸಿ.

ತೀರ್ಮಾನ: ‘ಕೆಲಸ ಬದಲಿಸಿದರೆ ಮತ್ತೆ ಪರೀಕ್ಷೆ’ ಎಂಬುದು ದಾರಿತಪ್ಪಿಸುವ ಮಾತು. ಇಂಥ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ಕೆಲಸ? ಎಷ್ಟು ವರ್ಷ?