ಸಮುದಾಯ ಮಾನಸಿಕ ಆರೈಕೆ: ಕರ್ನಾಟಕ ಮತ್ತು ಮರಾಠವಾಡಾ ಗಡಿ

ಮನೋರೋಗ ಮತ್ತು ಮನೋವ್ಯಥೆಗಳನ್ನು ಆಸ್ಪತ್ರೆಯ ಗೋಡೆಯೊಳಗೆ ಬಚ್ಚಿಡದೆ, ಜನ ಬದುಕುವ ಊರಿನಲ್ಲೇ, ಮನೆಮಂದಿ ಮತ್ತು ನೆರೆಹೊರೆಯವರ ನಡುವೆಯೇ ಉಪಚರಿಸುವ ಪದ್ಧತಿಗೆ ಸಮುದಾಯ ಮಾನಸಿಕ ಆರೈಕೆ ಎಂದು ಹೆಸರು. ಕಾಯಿಲೆಯನ್ನು ಗುರುತಿಸಿ ಗುಳಿಗೆ ಕೊಡುವುದು ಇದರ ಒಂದು ಅಂಗ. ಕುಳಿತು ಕೇಳುವ ಒಬ್ಬರು, ಕೈಗೊಂದು ಕೆಲಸ, ಸಾಲದ ಹೊರೆಗೊಂದು ದಾರಿ, ಬರಬೇಕಾದ ಪಿಂಚಣಿ, ಹೊಡೆತ ಬೈಗುಳವಿಲ್ಲದ ಮನೆ ಇವೂ ಅದರ ಅಂಗಗಳೇ. ಮಹಾರಾಷ್ಟ್ರದ ಮರಾಠವಾಡಾ ಭಾಗದ ಉಮರಗಾ, ನಿಲಂಗಾ, ಉದಗೀರ ತಾಲ್ಲೂಕುಗಳು ಕನ್ನಡ, ಮರಾಠಿ, ದಖ್ಖನಿ ಉರ್ದು ಬೆರೆತ ಗಡಿಪ್ರದೇಶ. 1956ರ ವರೆಗೆ ಇವು ಹೈದರಾಬಾದ್ ರಾಜ್ಯದಲ್ಲಿದ್ದವು. ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಈಗ ಅವೆರಡು ಲಾತೂರ ಜಿಲ್ಲೆಯಲ್ಲಿವೆ, ಉಮರಗಾ ಧಾರಾಶಿವ (ಉಸ್ಮಾನಾಬಾದ್) ಜಿಲ್ಲೆಯಲ್ಲಿದೆ. ಮೊದಲು ಭೂಕಂಪ, ಆಮೇಲೆ ಮೇಲಿಂದ ಮೇಲೆ ಬರ: ಒಂದೇ ತಲೆಮಾರಿನಲ್ಲಿ ಎರಡನ್ನೂ ಕಂಡ ಈ ಸೀಮೆಯಲ್ಲಿ ಗುಳಿಗೆಯಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂಬ ಪ್ರಶ್ನೆ ಬರಿಯ ಸಿದ್ಧಾಂತವಾಗಿ ಉಳಿಯಲಿಲ್ಲ.

ಈ ಭಾಗದವರಿಗೆ ಹುಚ್ಚಾಸ್ಪತ್ರೆ ಯಾವಾಗಲೂ ದೂರವೇ. ಹೈದರಾಬಾದ್ ರಾಜ್ಯದ ಮಾನಸಿಕ ಆಸ್ಪತ್ರೆ ಕೆಲವು ಕಾಲ ಜಾಲನಾದಲ್ಲಿತ್ತು; 1950ರ ದಶಕದ ಆರಂಭದಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಹೋಯಿತು. ರಾಜ್ಯ ಪುನರ್ವಿಂಗಡಣೆಯ ನಂತರ ಮಹಾರಾಷ್ಟ್ರದ ದೊಡ್ಡ ಸರ್ಕಾರಿ ಮನೋರೋಗ ಆಸ್ಪತ್ರೆಗಳು ಪುಣೆಯ ಯೇರವಡಾ, ಠಾಣೆ, ನಾಗಪುರ ಮತ್ತು ರತ್ನಾಗಿರಿಯಲ್ಲಿದ್ದವು, ಮರಾಠವಾಡಾದಲ್ಲಿ ಒಂದೂ ಇರಲಿಲ್ಲ. ಹೀಗಾಗಿ ತಲೆ ಕೆಟ್ಟವರನ್ನು, ಗಾಳಿ ಬಡಿದಿದೆ ಎನಿಸಿದವರನ್ನು ಜನ ಕರೆದೊಯ್ಯುತ್ತಿದ್ದುದು ಸಮೀಪದ ದೇವಸ್ಥಾನಕ್ಕೆ, ದರ್ಗಾಕ್ಕೆ. ಇವುಗಳಲ್ಲಿ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ ಮುಖ್ಯವಾದುದು. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಈ ಊರಿಗೆ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ ಕಡೆಯಿಂದ ಬಾಧೆಯುಳ್ಳವರು ಬಂದು ದಿನಗಟ್ಟಲೆ ಉಳಿಯುತ್ತಾರೆ. ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ಅವರ ಮೈಮೇಲೆ ಬರುವುದನ್ನು ಅಲ್ಲಿನವರು ಅಚ್ಚರಿಯಿಂದ ನೋಡುವುದಿಲ್ಲ.

ಇಂಥ ನಂಬಿಕೆಗಳನ್ನು ಮೂಢತನವೆಂದು ಬದಿಗಿಡದೆ ಅಧ್ಯಯನ ಮಾಡಿದ ಮೊದಲಿಗರಲ್ಲಿ ಮನೋವೈದ್ಯ ಆರ್. ಎಲ್. ಕಪೂರ್ ಪ್ರಮುಖರು. ಸ್ಕಾಟ್ಲೆಂಡಿನ ಜಿ. ಎಂ. ಕಾರ್‌ಸ್ಟೇರ್ಸ್ ಜೊತೆ ಅವರು ಕರಾವಳಿಯ ಕೋಟ ಗ್ರಾಮದ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ನಡುವೆ ಕೆಲಸ ಮಾಡಿದರು. ಅದರ ಫಲ 1976ರಲ್ಲಿ ಪ್ರಕಟವಾದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’. ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ, ಪಂಡಿತ, ಡಾಕ್ಟರು ಇವರೆಲ್ಲರ ಬಳಿಗೂ ಊರಿನವರು ಹೋಗುತ್ತಿದ್ದರು. ಒಬ್ಬರ ಬಳಿ ಹೋದದ್ದು ಇನ್ನೊಬ್ಬರ ಬಳಿ ಹೋಗಲು ಅಡ್ಡಿಯೆಂದು ಅವರಿಗೆ ತೋರಿರಲಿಲ್ಲ. 2002ರಲ್ಲಿ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದಿದ್ದ 31 ಜನರನ್ನು ಪರೀಕ್ಷಿಸಿದ ವರದಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಅಲ್ಲಿ ಔಷಧಿಯಿರಲಿಲ್ಲ, ವಿಶೇಷ ಪೂಜೆಯೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದು, ದೇವಸ್ಥಾನದ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವರ ಕಾಯಿಲೆಯ ಲಕ್ಷಣಗಳು ಕೆಲವೇ ವಾರಗಳಲ್ಲಿ ಸುಮಾರು ಶೇ. 20ರಷ್ಟು ಇಳಿದಿದ್ದವು. ಚಿಕ್ಕ ಅಧ್ಯಯನವಾದ ಕಾರಣ ಇದರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು; ಆದರೆ ಗೌರವದ ಆಸರೆಗೇ ಒಂದು ಗುಣವಿದೆ ಎಂಬುದಕ್ಕೆ ಅದು ಸಾಕ್ಷ್ಯ. ಇದರ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಏರ್ವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿ ಹಾಕಿ ಕಟ್ಟಿದ್ದ 28 ಜನ ಸತ್ತಿದ್ದರು. ಆಸರೆ ಮತ್ತು ಸರಪಳಿ ಎರಡೂ ಒಂದೇ ಬಗೆಯ ಸ್ಥಳಗಳಲ್ಲಿ ಇರುವುದರಿಂದ ಈ ವಿಷಯದಲ್ಲಿ ಸುಲಭದ ಪಕ್ಷಪಾತಕ್ಕೆ ಎಡೆಯಿಲ್ಲ.

ಆಸ್ಪತ್ರೆಯೊಳಗಿನ ಬದಲಾವಣೆ ಶುರುವಾದದ್ದು ಪಂಜಾಬಿನಲ್ಲಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರನ್ನು ಹೊರಗಿಟ್ಟು ವಾಸಿ ಮಾಡಿದರೆ ರೋಗಿ ಮನೆಗೆ ಮರಳುವುದೇ ಕಷ್ಟ ಎಂಬ ಅನುಭವ ಇದರ ಹಿಂದಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಬೆಂಗಳೂರಿನ ಸಂಸ್ಥೆಗಳಲ್ಲೂ ಕುಟುಂಬದ ವಾರ್ಡುಗಳು ಬಂದವು. ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1975ರಲ್ಲಿ ಅಲ್ಲಿ ಸಮುದಾಯ ಮನೋವೈದ್ಯ ಘಟಕ ತೆರೆಯಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಆರಂಭವಾಯಿತು. ಆರೋಗ್ಯ ಕಾರ್ಯಕರ್ತೆ, ಶಾಲಾ ಮಾಸ್ತರ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಯಾವ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಬಲ್ಲರು ಎಂಬುದನ್ನು ಅಲ್ಲಿ ಪರೀಕ್ಷಿಸಲಾಯಿತು. ಕನ್ನಡದ ಓದುಗರೂ ಇದೇ ಹೊತ್ತಿಗೆ ವಿಷಯಕ್ಕೆ ಹತ್ತಿರವಾದರು. ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ತಿಳಿಗನ್ನಡದ ಪುಸ್ತಕಗಳ ಮೂಲಕ ಹಳ್ಳಿಯ ಮನೆಗಳಿಗೂ ತಲುಪಿದರು.

1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಿಲ್ಲೆಯ ಮಟ್ಟದಲ್ಲಿ ಒರೆಗೆ ಹಚ್ಚಿದ್ದು ಬಳ್ಳಾರಿಯಲ್ಲಿ. 1980ರ ದಶಕದ ಮಧ್ಯದಿಂದ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮುಖ್ಯ ಔಷಧಿಗಳು ಹತ್ತಿರದಲ್ಲೇ ಸಿಗುವಂತೆ ಮಾಡಿತು. ಮೂರ್ಛೆರೋಗ ಮತ್ತು ತೀವ್ರ ಮನೋರೋಗ ಇದ್ದವರಿಗೆ ಇದರಿಂದ ಆದ ಉಪಕಾರ ದೊಡ್ಡದು. ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಹಬ್ಬುತ್ತ ಹೋದಂತೆ ಸುಲಭವಾಗಿ ಸಾಗಿಸಬಹುದಾದ ಔಷಧಿ ಉಳಿಯಿತು, ಮಾತುಕತೆ ಮತ್ತು ಮನೆಭೇಟಿ ಹಿಂದೆ ಬಿದ್ದವು. ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಉತ್ತರ ಪ್ರದೇಶದಲ್ಲಿ ಕಾರ್ಯಕ್ರಮವನ್ನು ಕಣ್ಣಾರೆ ನೋಡಿ 2009ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಗುಳಿಗೆಗಳು ನೀತಿಯನ್ನು ನುಂಗಿಹಾಕಿದವು ಎಂಬ ಅರ್ಥದ್ದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಗುಳಿಗೆಯನ್ನೇ ನೆಚ್ಚಿದ ವ್ಯವಸ್ಥೆ ಗುಳಿಗೆಯನ್ನೂ ಎಲ್ಲರಿಗೆ ಮುಟ್ಟಿಸಿರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಊರೆಲ್ಲ ಮಲಗಿದ್ದಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಔಸಾ ಮತ್ತು ಉಮರಗಾ ತಾಲ್ಲೂಕುಗಳ ಹಳ್ಳಿಗಳಿಗೆ ಅತಿ ಹೆಚ್ಚು ಪೆಟ್ಟು ಬಿತ್ತು. ನಿಲಂಗಾದ ಭಾಗಗಳೂ ನಲುಗಿದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಮಣ್ಣಿನ ಭಾರದ ಮಾಳಿಗೆ ಇದ್ದ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ಸತ್ತವರ ಲೆಕ್ಕ ಸುಮಾರು 8,000ದಿಂದ 10,000ದ ವರೆಗೆ ಬೇರೆ ಬೇರೆಯಾಗಿ ದಾಖಲಾಗಿದೆ. ಭೋಪಾಲ ಅನಿಲ ದುರಂತದ ತರುವಾಯ ದೇಶದಲ್ಲಿ ಮನಸ್ಸಿನ ಮೇಲೆ ವಿಪತ್ತಿನ ಪರಿಣಾಮವನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದು ಇಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ಪುಣೆಯ ಮಹಾರಾಷ್ಟ್ರ ಮಾನಸಿಕ ಆರೋಗ್ಯ ಸಂಸ್ಥೆ ಈ ಕೆಲಸ ಕೈಗೊಂಡಿತು. ಅದರ ಮುಂದಾಳು ಮನೋವೈದ್ಯ ಮೋಹನ ಆಗಾಶೆ. ಜನ ಅವರನ್ನು ನಟರಾಗಿ ಹೆಚ್ಚು ಬಲ್ಲರು.

ಮನೆಮಂದಿಯನ್ನೆಲ್ಲ ಒಂದೇ ರಾತ್ರಿ ಕಳೆದುಕೊಂಡವರ ನಿದ್ದೆಗೇಡು, ಬೆಚ್ಚಿಬೀಳುವಿಕೆ, ಮೌನ ಇವನ್ನು ಕಾಯಿಲೆಯ ಪಟ್ಟಿಗೆ ಸೇರಿಸಿ ಔಷಧಿ ಬರೆದರೆ ಮುಗಿಯುವಂತಿರಲಿಲ್ಲ. ದುಃಖ ರೋಗವಲ್ಲ, ಅದರ ಜೊತೆಗೆ ನಿಜವಾದ ರೋಗವೂ ಇರಬಹುದು. ಎರಡನ್ನೂ ಬೇರ್ಪಡಿಸಿ ನೋಡಲು ಊರಿನ ನಡುವೆ ಬಹುಕಾಲ ಇರುವವರು ಬೇಕು. ವಿಶ್ವಬ್ಯಾಂಕಿನ ನೆರವಿನ ಪುನರ್ವಸತಿ ಯೋಜನೆಯಲ್ಲಿ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ನೇರ ರಸ್ತೆ, ಸಾಲು ಮನೆ, ಅಗಲವಾದ ನಿವೇಶನ ಬಂದವು. ಹಳೆಯ ಗಲ್ಲಿಯಲ್ಲಿ ಎದುರುಬದುರು ಕುಳಿತು ಮಾತಾಡುತ್ತಿದ್ದ ಹೆಂಗಸರು ಮಾತ್ರ ದೂರದೂರವಾದರು. ಗಟ್ಟಿ ಮನೆ ಕೊಟ್ಟ ಯೋಜನೆಯೇ ನೆರೆಯನ್ನು ಕಸಿದುಕೊಂಡಿತು ಎಂಬುದು ಪುನರ್ವಸತಿಯ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಈ ಕೊರತೆಯನ್ನು ಸ್ವಲ್ಪವಾದರೂ ತುಂಬಿದ್ದು ಮನೋವೈದ್ಯಕೀಯದ ಹೆಸರೇ ಇಲ್ಲದ ಒಂದು ಕೆಲಸ. ಇದ್ದ ಜಾಗದಲ್ಲೇ ಮನೆಗಳನ್ನು ದುರಸ್ತಿ ಮಾಡಬೇಕಿದ್ದ ನೂರಾರು ಹಳ್ಳಿಗಳಲ್ಲಿ ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆ ಮಹಿಳಾ ಮಂಡಳಗಳಿಂದ ಹೆಣ್ಣುಮಕ್ಕಳನ್ನು ಆರಿಸಿ ‘ಸಂವಾದ ಸಹಾಯಕ’ರನ್ನಾಗಿ ನೇಮಿಸಲು ನೆರವಾಯಿತು. ಸಿಮೆಂಟು, ಅನುದಾನದ ಕಂತು, ಎಂಜಿನಿಯರರ ಭೇಟಿ ಇವುಗಳ ಮಾಹಿತಿ ಮುಟ್ಟಿಸುವುದು ಅವರ ಕೆಲಸ. ಮನೆಮನೆಗೆ ಹೋಗಿ ಕೂತು ಮಾತಾಡುವ ನೆವವೂ ಅದರಿಂದಲೇ ಸಿಕ್ಕಿತು. ಯೋಜನೆ ಮುಗಿದ ಮೇಲೂ ಈ ಗುಂಪುಗಳು ಬಚತ್ ಗಟಗಳಾಗಿ, ಅಂದರೆ ಉಳಿತಾಯ ಗುಂಪುಗಳಾಗಿ ಉಳಿದವು. 2001ರಲ್ಲಿ ಕಛ್ ಭೂಕಂಪವಾದಾಗ ಲಾತೂರ ಕಡೆಯ ಹೆಂಗಸರು ಗುಜರಾತಿಗೆ ಹೋಗಿ, ತಮ್ಮಂತೆಯೇ ಎಲ್ಲ ಕಳೆದುಕೊಂಡವರ ಜೊತೆ ಕುಳಿತರು. 1993ರ ಭೂಕಂಪದಲ್ಲಿ ಅನಾಥರಾದ ಮತ್ತು ನೆಲೆತಪ್ಪಿದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುಥಾ ಪುಣೆಗೆ ಕರೆದೊಯ್ದು ಓದಿಸಿದರು.

ಎರಡನೆಯ ಪೆಟ್ಟು ನಿಧಾನವಾಗಿ ಬಂತು. 2012ರಿಂದ ಮಳೆ ಪದೇಪದೇ ಕೈಕೊಟ್ಟಿತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. 2015ರಲ್ಲಿ ಮರಾಠವಾಡಾದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರ ಸಂಖ್ಯೆ ಸಾವಿರ ದಾಟಿತು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಮರಾಠವಾಡಾ ಮತ್ತು ವಿದರ್ಭದ 14 ಜಿಲ್ಲೆಗಳಲ್ಲಿ ‘ಪ್ರೇರಣಾ ಪ್ರಕಲ್ಪ’ವನ್ನು ತಂದಿತು. ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ಕೆಲವು ಸರಳ ಪ್ರಶ್ನೆ ಕೇಳಿ, ಮನಸ್ಸಿಗೆ ಹಚ್ಚಿಕೊಂಡು ಕುಗ್ಗಿದವರನ್ನು ಗುರುತಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರಿರಬೇಕು. 104 ಸಂಖ್ಯೆಯ ಸಹಾಯವಾಣಿಯೂ ಇರಬೇಕು ಎಂಬುದು ಅದರ ರಚನೆ. ರೈತನ ಸಂಕಟ ಆಸ್ಪತ್ರೆಗೆ ತಾನಾಗಿ ನಡೆದು ಬರುವುದಿಲ್ಲ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡ ಕಾರಣ ಇದು ಮುಖ್ಯ ಹೆಜ್ಜೆ. ಆದರೆ ಅವನ ಕುಗ್ಗುವಿಕೆಗೆ ಕಾರಣವಾದ ಸಾಲ, ಬೆಳೆವಿಮೆ, ಸೋಯಾಬೀನ್ ದರ ಇವು ಆರೋಗ್ಯ ಇಲಾಖೆಯ ಕೈಯಲ್ಲಿರಲಿಲ್ಲ. ಸತ್ತ ರೈತನ ಮನೆಗೆ ಸಿಗುವ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆತನ ಹೊಲದ ದಾಖಲೆ, ಸಾಲದ ಪುರಾವೆ ನೋಡಿ ‘ಪಾತ್ರ’ ಅಥವಾ ‘ಅಪಾತ್ರ’ ಎಂದು ನಿರ್ಧರಿಸಲಾಗುತ್ತದೆ. ಬೇರೆಯವರ ಹೊಲ ಪಾಲಿಗೆ ಮಾಡಿದವನ, ಸಾವಕಾರನಿಂದ ಚೀಟಿಯಿಲ್ಲದೆ ಕೈಸಾಲ ತಂದವನ ಹೆಂಡತಿಗೆ ಈ ಪರೀಕ್ಷೆ ಗೆಲ್ಲುವುದು ಕಷ್ಟ. ಆಕೆಯ ಮಟ್ಟಿಗೆ ತಹಸೀಲ ಕಚೇರಿಯ ಒಂದು ಕಾಗದವೂ ಮಾನಸಿಕ ಆರೋಗ್ಯದ ವಿಷಯವೇ.

ಕಚೇರಿಯ ಕಾಗದವನ್ನು ಆರೈಕೆಯ ಒಳಗೇ ತಂದ ಪ್ರಯೋಗಗಳೂ ಮಹಾರಾಷ್ಟ್ರದಲ್ಲಿ ನಡೆದಿವೆ. ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ನಡೆದ ‘ವಿಶ್ರಾಮ್’ ಕಾರ್ಯಕ್ರಮದಲ್ಲಿ ಊರಿನವರಿಗೇ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಮಾಡಲಾಯಿತು. ಖಿನ್ನತೆಯುಳ್ಳವರಲ್ಲಿ ನೆರವು ಪಡೆದವರ ಪ್ರಮಾಣ ಶೇ. 4.3ರಿಂದ 27.2ಕ್ಕೆ ಏರಿತು. ಪುಣೆಯ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರ ನಾಸಿಕ ಜಿಲ್ಲೆಯಲ್ಲಿ ಆರಂಭಿಸಿದ ‘ಆತ್ಮೀಯತಾ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊರಿನ ಸ್ವಯಂಸೇವಕರು ಕುಗ್ಗಿದವರ ಜೊತೆ ಕೆಲವು ಭೇಟಿಗಳಲ್ಲಿ ಮಾತಾಡುತ್ತಾರೆ, ಮೊಬೈಲಿನಲ್ಲಿ ಕಿರುಚಿತ್ರ ತೋರಿಸಿ ಕುಡಿತ, ಮನೆಯ ಜಗಳ, ನಿರುದ್ಯೋಗದ ಬಗ್ಗೆ ಮಾತು ತೆಗೆಯುತ್ತಾರೆ, ಪಿಂಚಣಿ ಮತ್ತು ಅಂಗವಿಕಲ ಸೌಲಭ್ಯಕ್ಕೆ ಅರ್ಜಿ ಹಾಕಿಸುತ್ತಾರೆ, ತೀವ್ರ ಕಾಯಿಲೆಯಿದ್ದವರನ್ನು ವೈದ್ಯರ ಬಳಿಗೆ ಕಳಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಮುಂದೆ ಗುಜರಾತಿಗೂ ಹಬ್ಬಿದ ಆತ್ಮೀಯತಾ ಮತ್ತು ಅಜ್ಜಿಯರು ಬೆಂಚಿನ ಮೇಲೆ ಕುಳಿತು ಕಷ್ಟ ಕೇಳುವ ಜಿಂಬಾಬ್ವೆಯ ‘ಫ್ರೆಂಡ್‌ಶಿಪ್ ಬೆಂಚ್’ ಎರಡೂ ಮಾದರಿಗಳಾಗಿ ಸೇರಿವೆ.

ಕಾನೂನು ಈ ಅನುಭವವನ್ನು ತಡವಾಗಿ ಹಿಂಬಾಲಿಸಿತು. 1912ರ ಹುಚ್ಚರ ಕಾಯ್ದೆಯ ಕಾಳಜಿ ಬಂಧನದ್ದು, 1987ರ ಕಾಯ್ದೆಯದು ಹೆಚ್ಚಾಗಿ ಆಸ್ಪತ್ರೆಯ ನಿಯಂತ್ರಣದ್ದು. ಭಾರತ 2007ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿದ ಬಳಿಕ ರೂಪುಗೊಂಡ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಮುದಾಯದಲ್ಲಿ ಬದುಕುವುದನ್ನು ಹಕ್ಕೆಂದು ಒಪ್ಪಿತು, ಸರಪಳಿ ಹಾಕುವುದನ್ನು ನಿಷೇಧಿಸಿತು, ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಲು ಅವಕಾಶ ಕೊಟ್ಟಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದೂ ಹೇಳಿತು. ಕೀಟನಾಶಕ ಕುಡಿದು ಬದುಕುಳಿದ ರೈತನ ಮನೆಯವರಿಗೆ ಪೊಲೀಸರ ಭಯ ಕಡಿಮೆಯಾಗಲು ಇದೇ ಆಧಾರ. ದೇವರ ಹೆಸರಿನಲ್ಲಿ ನಡೆಯುವ ಹಿಂಸೆಯ ವಿರುದ್ಧ ಮಹಾರಾಷ್ಟ್ರ 2013ರಲ್ಲಿ, ಕರ್ನಾಟಕ 2017ರಲ್ಲಿ ಕಾಯ್ದೆ ತಂದವು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡ ಮತ್ತು ಮರಾಠಿ ಸೇರಿ ಹಲವು ಭಾಷೆಗಳಲ್ಲಿ ಅಲ್ಲಿ ಮಾತಾಡಬಹುದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ಗಡಿಯ ಕುಟುಂಬಗಳಿಗೆ ಇದು ಸಣ್ಣ ಅನುಕೂಲವಲ್ಲ, ಏಕೆಂದರೆ ಮನಸ್ಸಿನ ನೋವನ್ನು ಕಲಿತ ಭಾಷೆಯಲ್ಲಿ ಹೇಳುವುದು ಕಷ್ಟ. ಫೋನಿನ ಆಚೆಗಿನ ಸೇವೆಗಳು ಮಾತ್ರ ರಾಜ್ಯದ ಗಡಿಯಲ್ಲೇ ನಿಲ್ಲುತ್ತವೆ. ಉದಗೀರದವರಿಗೆ ಬೀದರ, ಉಮರಗಾದವರಿಗೆ ಕಲಬುರಗಿಯ ಆಸ್ಪತ್ರೆ ಕೈಗೆಟುಕುವಂತಿದ್ದರೂ ಪಿಂಚಣಿ ಮತ್ತು ಪರಿಹಾರದ ಅರ್ಜಿಯನ್ನು ನಿರ್ಧರಿಸುವುದು ಮಹಾರಾಷ್ಟ್ರದ ಕಚೇರಿಗಳೇ. ಮನೆಗೆ ಬರಬೇಕಾದವರು ಅಲ್ಲಿನ ಆಶಾ ಕಾರ್ಯಕರ್ತೆಯರೇ.