ಆದವಾನಿ ಸೀಮೆಯ ಫಿರಂಗಿ ಕತ್ತಿ

ಫಿರಂಗಿ ಎಂದೊಡನೆ ನಮಗೆ ನೆನಪಾಗುವುದು ತೋಪು. ಆದರೆ ದಖ್ಖನಿನ ರಾವುತರು ಒಂದು ಬಗೆಯ ಕತ್ತಿಯನ್ನೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ಪಶ್ಚಿಮ ಕರಾವಳಿಗೆ ಪೋರ್ಚುಗೀಸರು ತಂದಿಳಿಸಿದ ಯುರೋಪಿನ ನೀಳ ಅಲಗಿಗೆ ಇಲ್ಲಿಯ ಕುಶಲಿಗಳು ಕೈಯನ್ನು ಕಾಯುವ ದೇಶೀ ಹಿಡಿಯನ್ನು ಅರಗಿನಿಂದ ಕೂಡಿಸುತ್ತಿದ್ದರು.

1568ರಲ್ಲಿ ವಿಜಾಪುರದ ವಶವಾದ ಆದವಾನಿ ಕೋಟೆಯು ಮುಂದೆ ಮೊಗಲರನ್ನೂ ನಿಜಾಮರನ್ನೂ 1786ರಲ್ಲಿ ಟಿಪ್ಪುವಿನ ಮುತ್ತಿಗೆಯನ್ನೂ ಕಂಡು, 1800ರಲ್ಲಿ ಕಂಪನಿಗೆ ಸೇರಿತು. ಇಷ್ಟು ಕುದುರೆದಂಡುಗಳು ತುಳಿದ ನೆಲದಲ್ಲಿ ಅಂತಹ ಕತ್ತಿ ದೊರೆತರೆ ಆಶ್ಚರ್ಯವಿಲ್ಲ.

ಅದರ ಸ್ಥಿತಿಯನ್ನು ಅಳೆಯುವುದು ಹೊಳಪಿನಿಂದಲ್ಲ. ಅಲಗಿನ ಉದ್ದಕ್ಕೂ ಇರುವ ಗಾಡಿಗಳು ಆಳವಾಗಿವೆಯೇ, ಹಿಡಿ ಅಲುಗಾಡುತ್ತಿದೆಯೇ ಎಂದು ಮೊದಲು ನೋಡಬೇಕು. ಉದುರುವ ಕೆಂಪು ತುಕ್ಕು ಲೋಹವನ್ನು ಇನ್ನೂ ತಿನ್ನುತ್ತಿದೆಯೆಂಬ ಸೂಚನೆ. ಗಟ್ಟಿಯಾಗಿ ಕೂತ ಕಪ್ಪು ವಯಸ್ಸಿನ ಬಣ್ಣ. ಹಿಡಿಯ ಸಮೀಪದ ಓಡುವ ತೋಳದಂತಹ ಮುದ್ರೆ ಜರ್ಮನಿಯ ಕಮ್ಮಟಗಳನ್ನು ನೆನಪಿಸುತ್ತದೆ. ಮುದ್ರೆಯೊಂದೇ ಸಾಕ್ಷಿಯಾಗದು, ಅದನ್ನು ಇತರರೂ ಅನುಕರಿಸಿದ್ದಾರೆ. ಆಯುಧಪೂಜೆಗೆಂದು ಹುಣಸೆಹುಳಿ, ಇಟ್ಟಿಗೆಪುಡಿಗಳಿಂದ ಉಜ್ಜಿದರೆ ತುಕ್ಕಿನ ಜೊತೆಗೆ ಆ ಮುದ್ರೆಯೂ ಸವೆದುಹೋಗುತ್ತದೆ. ತೆಳುವಾಗಿ ಎಣ್ಣೆ ಸವರಿ ಒಣಗಿದ ಸ್ಥಳದಲ್ಲಿಟ್ಟರೆ ಸಾಕು.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ನಾವು ಗುರುತು ಅಳಿಯುವುದರ ನೋವನ್ನೂ ಉಳಿಸಿಕೊಳ್ಳುವುದರ ಶ್ರಮವನ್ನೂ ಬಲ್ಲೆವು. 1972ರ ಕಾಯಿದೆಯಂತೆ ನೂರು ವರ್ಷ ತುಂಬಿದ ಇಂತಹ ವಸ್ತು ಪುರಾವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಅಲಗಿದ್ದರೆ ಉಜ್ಜುವ ಮುನ್ನ, ಗುಜರಿಗೆ ತೂಗುವ ಮುನ್ನ ಬಲ್ಲವರಿಗೆ ತೋರಿಸುವಂತೆ ಹಿರಿಯರಲ್ಲಿ ಅರಿಕೆ ಮಾಡಿರಿ.