ರಂಪಣಿ ಬಲೆ: ಕನ್ನಡ ಕರಾವಳಿಯ ತೀರಮೀನುಗಾರಿಕೆಯ ಇತಿಹಾಸದಲ್ಲಿ ಒಂದು ಅಧ್ಯಾಯ

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಬರೆದವರು ಕೆರೆಗಳ ವಿಷಯದಲ್ಲಿ ತೋರಿರುವ ಆಸಕ್ತಿಯನ್ನು ಕಡಲಿನ ವಿಷಯದಲ್ಲಿ ತೋರಿಲ್ಲ. ಇದಕ್ಕೆ ಕಾರಣವನ್ನು ಬಹುದೂರ ಅರಸಬೇಕಾಗಿಲ್ಲ. ಕೆರೆ ಕಟ್ಟಿಸಿದವನು ಶಾಸನ ಹಾಕಿಸಿದನು. ಬಲೆ ಬಿಟ್ಟವನು ಹಾಕಿಸಲಿಲ್ಲ. ಮಂಡ್ಯ ಜಿಲ್ಲೆಯ ಕಿಕ್ಕೇರಿಯನ್ನೇ ನೋಡಬಹುದು. ಅಲ್ಲಿಯ ಬ್ರಹ್ಮೇಶ್ವರ ದೇವಾಲಯವು ಕ್ರಿ.ಶ. 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ನಿರ್ಮಿತವಾಯಿತೆಂದು ನಾವು ಹೇಳಬಲ್ಲೆವು. ಅದೇ ಊರಿನ ಕೆರೆಗೆ ಏರಿಯುಂಟು, ಎಲ್ಲೆಯುಂಟು. ಅಂಥ ನೀರಿನ ಮೀನನ್ನು ಇಂಥವರಿಗೆಂದು ಗುತ್ತಿಗೆ ಕೊಡಲು ಬರುತ್ತದೆ. ಕಡಲಿಗೆ ಇವೊಂದೂ ಇಲ್ಲ. ಹಾಗಿರುವಲ್ಲಿ ತೆರೆದ ಕಡಲಿನ ಮೀನು ಯಾರದು ಎಂಬ ಪ್ರಶ್ನೆಗೆ ಕರಾವಳಿಯ ಜನರು ಯಾವ ಉತ್ತರವನ್ನು ಕಂಡುಕೊಂಡಿದ್ದರು? ರಂಪಣಿ ಬಲೆಯ ಏಳುಬೀಳುಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೀನು ಹಿಡಿಯುವ ವಿದ್ಯೆಯನ್ನು ನಮ್ಮ ಪ್ರಾಚೀನರು ಕಡೆಗಣಿಸಿದ್ದರೆಂದು ಹೇಳಲಾಗದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಕಡಲಿನ ಮೀನು, ಹೊಳೆಯ ಮೀನುಗಳ ಭೇದವನ್ನೂ ಗಾಳ ಹಾಕುವ ಕ್ರಮವನ್ನೂ ಮೀನಿಗೆ ಒಡ್ಡುವ ಆಹಾರವನ್ನೂ ಅಲ್ಲಿ ವಿವರಿಸಿದೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ಈ ಪ್ರಕರಣವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರು. ಆದರೆ ಅದು ಅರಸನ ವಿನೋದ, ಹೊಟ್ಟೆಪಾಡಿನ ಮೀನುಗಾರಿಕೆಯಲ್ಲ. ಗಾಳವು ಒಬ್ಬನ ಕೈಯಲ್ಲಿರುವ ಸಾಧನ. ರಂಪಣಿಯಾದರೋ ಊರಿಗೆ ಊರೇ ಕೈಹಾಕಿದಲ್ಲದೆ ಏಳದ ಸಾಧನ.

ಈ ಬಲೆಯ ಸ್ವರೂಪವನ್ನು ಅರಿಯಲು ಮೊದಲು ತೀರದ ಸ್ವರೂಪವನ್ನು ಅರಿಯಬೇಕು. ಉತ್ತರಕನ್ನಡ ಮತ್ತು ದಕ್ಷಿಣಕನ್ನಡಗಳ ಕರಾವಳಿಯಲ್ಲಿ ಅಳಿವೆಗಳ ಹಾಗೂ ಬಂಡೆಯ ಮೂಗುಗಳ ನಡುವೆ ಉದ್ದುದ್ದನೆಯ ಮರಳದಂಡೆಗಳಿವೆ. ಮಳೆಗಾಲದಲ್ಲಿ ಅಲ್ಲಿ ತೆರೆಗಳು ಸಾಲುಸಾಲಾಗಿ ಒಡೆಯುವುದರಿಂದ ದೋಣಿಯನ್ನು ನೀರಿಗಿಳಿಸುವುದೇ ಅಸಾಧ್ಯ. ಮಳೆ ಹಿಂದೆಗೆದು ಕಡಲು ಶಾಂತವಾದ ಮೇಲೆ ಬಂಗಡೆ ಮತ್ತು ಬೂತಾಯಿ ಮೀನುಗಳು ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರುತ್ತವೆ. ರಂಪಣಿಯ ಕಾಲವೂ ಆಗಲೇ. ತಳದಲ್ಲಿ ಬಂಡೆಯಿದ್ದರೆ ಬಲೆ ಹರಿಯುವುದು. ಆದ್ದರಿಂದ ಮರಳಿನ ತಳವೇ ಇದಕ್ಕೆ ಯೋಗ್ಯ.

ಹಿಂಡು ಕಂಡೊಡನೆ ಬಲೆಯ ಒಂದು ಕೊನೆಯ ಹಗ್ಗವನ್ನು ದಡದವರ ಕೈಗೆ ಕೊಟ್ಟು, ದೋಣಿಯು ತೆರೆಗಳನ್ನು ದಾಟಿ, ಬಲೆಯನ್ನು ಬಿಡುತ್ತ ಅರ್ಧವೃತ್ತಾಕಾರವಾಗಿ ಸುತ್ತಿ, ಇನ್ನೊಂದು ಕಡೆ ದಡ ಸೇರುತ್ತಿತ್ತು. ಅನಂತರ ಎರಡು ಸಾಲು ಜನರು ಎರಡು ಹಗ್ಗಗಳನ್ನು ಎಳೆಯುತ್ತಿದ್ದರು. ದೊಡ್ಡ ರಂಪಣಿಯ ಉದ್ದ ಒಂದು ಕಿಲೋಮೀಟರಿನ ಆಸುಪಾಸಿನದು. ಎಳೆಯಲು ಎಂಬತ್ತು ನೂರು ಜನ ಬೇಕು. ಸಿಕ್ಕಿದ ಮೀನು ಒಂದು ದಿನದ ಮಾರಾಟಕ್ಕೆ ಮಿಗಿಲಾದರೆ, ಬಲೆಯನ್ನು ನೀರಿನಲ್ಲಿಯೇ ಆವರಣದಂತೆ ನಿಲ್ಲಿಸಿ, ಮೀನನ್ನು ಜೀವಂತವಾಗಿರಿಸಿ, ಕೆಲವು ದಿನಗಳ ಕಾಲ ಬೇಕಾದಷ್ಟನ್ನೇ ತೆಗೆಯುತ್ತಿದ್ದುದೂ ಉಂಟು. ಕಡಲಿನೊಳಗೆ ಕ್ಷಣಿಕವಾದ ಒಂದು ಕೆರೆಯನ್ನೇ ಕಟ್ಟಿದಂತಾಯಿತು.

ಇಷ್ಟು ದೊಡ್ಡ ಬಲೆಯನ್ನು ಒಬ್ಬನೇ ಹೊಂದಿರುವುದು ಸುಲಭವಲ್ಲ. ಪಾಲುದಾರರು ತಂದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಬಲೆಯಾಗಿಸುವ ಪದ್ಧತಿಯಿತ್ತು. ಹುಟ್ಟುವಳಿಯಲ್ಲಿ ಬಲೆಗೆ, ದೋಣಿಗೆ, ದುಡಿಮೆಗೆ ಪ್ರತ್ಯೇಕ ಪಾಲುಗಳು ಸಲ್ಲುತ್ತಿದ್ದವು. ಮೊಗವೀರ, ಖಾರ್ವಿ, ಹರಿಕಂತ್ರ ಮೊದಲಾದ ಸಮುದಾಯಗಳ ಬದುಕು ಈ ಪಾಲಿನ ಲೆಕ್ಕದ ಮೇಲೆ ನಿಂತಿತ್ತು. ಹಂಚಿಕೆಯು ಎಲ್ಲರ ಕಣ್ಣೆದುರಿಗೆ ಮರಳಿನ ಮೇಲೆಯೇ ನಡೆಯುತ್ತಿತ್ತೆಂಬುದು ಇಲ್ಲಿ ಗಮನಾರ್ಹ.

ರಂಪಣಿಯು ಅನಾದಿಕಾಲದಿಂದ ಬಂದುದೆಂಬ ಭಾವನೆ ಮಾತ್ರ ಸರಿಯಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಗೋವೆಯ ಕಡೆಯಿಂದ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ; ಗೋವೆಯಲ್ಲಿ ಈ ಬಲೆಯವರಿಗೆ ರಾಂಪಣಕಾರರೆಂದೇ ಹೆಸರು. ಆ ಕಾಲದ ಇತರ ಸಂಗತಿಗಳೂ ದೊಡ್ಡ ಬಲೆಗೆ ಅನುಕೂಲವಾಗಿದ್ದವು. ಹೇರಳವಾಗಿ ಬಂದ ಮೀನು ಉಪ್ಪಿಲ್ಲದಿದ್ದರೆ ಕೊಳೆಯುವುದು. ಉಪ್ಪಿಗೋ ಸರಕಾರದ ಸುಂಕ. ಫ್ರಾನ್ಸಿಸ್ ಡೇ ಎಂಬ ಅಧಿಕಾರಿಯು 1873ರ ತನ್ನ ವರದಿಯಲ್ಲಿ ಭಾರತದ ಕಡಲ ಮೀನುಗಾರಿಕೆಯ ಸ್ಥಿತಿಯನ್ನು ಪರಿಶೀಲಿಸಿದನು. ಆ ದಶಕದಿಂದೀಚೆಗೆ ಮದರಾಸು ಪ್ರಾಂತ್ಯದಲ್ಲಿ ಮೀನಿಗೆ ಉಪ್ಪು ಹಾಕುವ ಸರಕಾರಿ ಅಂಗಳಗಳು ತೆರೆದು, ಅಗ್ಗದ ಉಪ್ಪು ದೊರೆಯತೊಡಗಿತು. 1862ರಲ್ಲಿ ಉತ್ತರಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಒಂದೇ ಕರಾವಳಿಯು ಎರಡು ಆಡಳಿತಗಳಿಗೆ ಹಂಚಿಹೋಗಿತ್ತು. ಅವು ಒಂದೇ ರಾಜ್ಯದಲ್ಲಿ ಕೂಡಿದ್ದು 1956ರಲ್ಲಿ.

ಏಕೀಕರಣದ ಅನಂತರದ ಎರಡು ದಶಕಗಳಲ್ಲಿ ಚಿತ್ರ ಬದಲಾಯಿತು. 1963ರಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯು ಕಾರವಾರಕ್ಕೆ ವಿಸ್ತರಿಸಿತು. ಯಂತ್ರದ ದೋಣಿಗಳು ಹೆಚ್ಚಿದವು. 1975-76ರ ಸುಮಾರಿಗೆ ಮಂಗಳೂರಿನ ಕಡೆಯಲ್ಲಿ ಪರ್ಸೀನ್ ಬಲೆಯು ಬಳಕೆಗೆ ಬಂದಿತು. ರಂಪಣಿಯು ಮೀನು ದಡಕ್ಕೆ ಬರುವುದನ್ನು ಕಾಯುವ ಬಲೆ. ಪರ್ಸೀನ್ ಮೀನಿದ್ದೆಡೆಗೆ ಹೋಗಿ, ಹಿಂಡನ್ನು ಸುತ್ತಿ, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿಯುವ ಬಲೆ. ಹಿಂಡುಗಳು ದಡ ಸೇರುವ ಮೊದಲೇ ಹಿಡಿಯಲ್ಪಟ್ಟವು. ರಂಪಣಿಗಾರರು ಪ್ರತಿಭಟಿಸಿದರು, ಅವರಲ್ಲಿ ಅನೇಕರು ಕಾಲಕ್ರಮದಲ್ಲಿ ಪರ್ಸೀನ್ ದೋಣಿಗಳಲ್ಲಿಯೇ ಪಾಲುದಾರರೋ ಕೆಲಸಗಾರರೋ ಆದರು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾನೂನು ಬಂದುದು 1986ರಲ್ಲಿ. ಅಷ್ಟರಲ್ಲಿ ದೊಡ್ಡ ರಂಪಣಿಯು ಬಹುಮಟ್ಟಿಗೆ ಮರೆಯಾಗಿತ್ತು. ಅದರ ಚಿಕ್ಕ ರೂಪವಾದ ಕೈರಂಪಣಿಯನ್ನು ಈಗಲೂ ಕೆಲವು ದಂಡೆಗಳಲ್ಲಿ ಕಾಣಬಹುದು.

ಈ ವೃತ್ತಾಂತವನ್ನು ಹಳೆಯದರ ಮೇಲೆ ಹೊಸದರ ವಿಜಯವೆಂದು ಬರೆಯುವುದು ಸುಲಭ, ಆದರೆ ಅದು ಅರ್ಧಸತ್ಯ. ರಂಪಣಿಯೂ ಒಂದು ಕಾಲಕ್ಕೆ ಹೊಸದೇ, ದೊಡ್ಡದೇ ಆಗಿತ್ತು. ಹಳೆಯ ಪದ್ಧತಿಯಲ್ಲಿ ಎಲ್ಲರೂ ಸಮಾನರಾಗಿದ್ದರೆಂದೂ ಹೇಳಲಾಗದು. ಬಲೆಯುಳ್ಳವನ ಪಾಲು ಬೇರೆ, ಬರಿಗೈಯವನ ಪಾಲು ಬೇರೆ. ನಿಜವಾದ ವ್ಯತ್ಯಾಸವಿರುವುದು ಸ್ಥಳದಲ್ಲಿ. ರಂಪಣಿಯ ಕಾಲದಲ್ಲಿ ಮೀನಿನ ಮೇಲಣ ಹಕ್ಕು ಹುಟ್ಟುತ್ತಿದ್ದುದು ಊರಿನ ಮುಂದಿನ ಮರಳಿನ ಮೇಲೆ, ಹಗ್ಗಕ್ಕೆ ಕೈಹಾಕಿದವರ ನಡುವೆ. ಹಿಡಿಯುವಿಕೆಯು ದೂರದ ನೀರಿಗೂ ಇಳಿಸುವಿಕೆಯು ಮಲ್ಪೆ, ಮಂಗಳೂರುಗಳಂಥ ಬಂದರುಗಳಿಗೂ ಸರಿದಾಗ, ದಂಡೆಯ ಊರುಗಳಿಗೆ ಕಡಲು ಎದುರಿಗಿದ್ದೂ ದೂರವಾಯಿತು.

ಕೆರೆಯ ಇತಿಹಾಸಕ್ಕೆ ಕಲ್ಲು ಸಾಕ್ಷಿ. ರಂಪಣಿಯ ಇತಿಹಾಸಕ್ಕೆ ಮನುಷ್ಯರೇ ಸಾಕ್ಷಿ. 1975ಕ್ಕಿಂತ ಹಿಂದೆ ಹಗ್ಗ ಎಳೆದವರು ಇಂದು ವೃದ್ಧರು. ಪಾಲು ಹಂಚಿದ ಕ್ರಮವನ್ನೂ ವಿವಾದಗಳನ್ನು ತೀರಿಸಿದ ಬಗೆಯನ್ನೂ ಅವರಿಂದ ಕೇಳಿ ಬರೆದಿಡುವುದು ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ತಡಮಾಡಿದಲ್ಲಿ ಆ ಶಾಸನಗಳು ಓದುವ ಮೊದಲೇ ಅಳಿಸಿಹೋಗುವುವು.